ಪೂರ್ತಿ ಓದಿ ಮುಗಿಸಿದ ಪುಸ್ತಕ ಮಾತ್ರ ಹೇಳ್ರಿ

ಸಾಧನಕೇರಿ ಮಳಿ (ಧಾರವಾಡ)

ಹೋದ ಸಲ ‘ಯಾವ ಪುಸ್ತಕ ಓದಿ ಮುಗಿಸಿದ್ರಿ?’ ಅಂತ ಇದೇ ಪ್ರಶ್ನೆ ಕೇಳಿದಾಗ ಅರ್ಧ ಮಂದಿ ಕೊಂಡ ಪುಸ್ತಕದ ಹೆಸರು ಹೇಳಿದ್ರಿ, ಉಳಿದವರು ಕೊಳ್ಳಬೇಕಂತ ಮಾಡಿದ ಪುಸ್ತಕದ ಹೆಸರು ಹೇಳಿದ್ರಿ. ಈ ಸಲ ಹಂಗ ನಡಿಯೋದಿಲ್ಲ. ಮೊದಲನೇ ಪುಟದಿಂದ ಕಡೀ ಪುಟದ ತನಕಾ ಓದಿ, ಮುಚ್ಚಿ, ಕಪಾಟಿನೊಳಗ ಇಟ್ಟದ್ದು, ಇಲ್ಲಾ ತಂದವರಿಗೆ ವಾಪಸ್ ಕೊಟ್ಟದ್ದು ಮಾತ್ರ. ವಾಪಸ್ ಕೊಟ್ಟಿದ್ದರ ಬಗ್ಗೆ ಸುಳ್ಳು ಹೇಳಬ್ಯಾಡ್ರಿ, ಕೊಟ್ಟವರೂ ಇಲ್ಲೇ ಇರ್ತಾರ.

ನಂದು ಮೊದಲು. ಹಿಂದುಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’. ಪುಟ್ಟ ಪುಸ್ತಕ, ಒಂದು ಮಳೀ ಸಂಜಿಗೆ ಮುಗೀತದ ಅಂತ ಹಿಡಿದೆ, ಒಂದು ತಿಂಗಳು ಹಿಡೀತು. ಕಾರಣ ಪುಸ್ತಕ ಅಲ್ಲ, ನಾನೇ. ರಾಗದ ಹೆಸರು ಬಂದಕೂಡ್ಲೆ ಪುಸ್ತಕ ಬೋರಲ ಹಾಕಿ ಆ ರಾಗ ಹುಡುಕಿ ಹಚ್ಚೋದು. ಏಕ ನಿಷಾದ ಬಿಹಾಗಡಾ ಒಂದಕ್ಕೇ ಎರಡು ಸಂಜಿ ಹೋದವು.

ಧಾರವಾಡದ ಹತ್ತಿರದ ಮನ್ಸೂರಿನಿಂದ ಹೊರಟ ಹುಡುಗ, ನಾಟಕ ಕಂಪನಿ, ಅಲ್ಲಿಂದ ಗಾಯನ ಕಲೀಲಿಕ್ಕೆ ನೀಲಕಂಠ ಬುವಾ ಅವರ ಕಡೆ ಮಿರಜ. ಆಮೇಲೆ ಮಂಜಿಖಾನರು. 1937ರೊಳಗ ಅವರು ತೀರಿಕೊಂಡ ಮ್ಯಾಲ ಅವರ ತಮ್ಮ ಬುರ್ಜಿಖಾನರು. ಇಷ್ಟು ನಮಗೆಲ್ಲಾ ಗೊತ್ತಿದ್ದದ್ದೇ. ಗೊತ್ತಿಲ್ಲದ್ದೇನಂದ್ರ ಆ ಮನುಷ್ಯಾ ತನ್ನ ಬಗ್ಗೆ ಎಷ್ಟು ಕಡಿಮಿ ಮಾತಾಡ್ತಾರ ಅನ್ನೋದು. ಆತ್ಮಕಥೀ ಅಂತ ತಗೊಂಡ್ರ ಒಳಗ ಬರೇ ಗುರುಗಳು. ಮನ್ಸೂರರು ಬೀಡಿ ಸೇದಿಕೋತ ಕಟ್ಟೀ ಮ್ಯಾಲ ಕೂತು ಹೇಳಿಧಾಂಗ ಕೇಳಿಸ್ತದ. ಹತ್ತು ಮಾತಿಗೆ ಒಂದು ಮಾತು ತಮ್ಮದು.

---

ಚಿಗರಿ ಪ್ರಯಾಣಿಕ (ಹುಬ್ಬಳ್ಳಿ)

ನಂದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಎರಡ ಸಲ ಮುಗಿಸೇನಿ, ಎರಡೂ ಲೆಕ್ಕಕ್ಕ ಹಿಡೀರಿ. ಮೊದಲ ಇಂಗ್ಲಿಷಿನಾಗ ಓದಿದ್ದೆ (ಹೌದು, ನಾಚಿಕಿ ಆಗತೈತಿ), ಈಗ ಕನ್ನಡದಾಗ. ಹೊಸೂರಿನಾಗ ಚಿಗರಿ ಬಸ್ ಹತ್ತಿ ಜುಬಿಲಿ ಸರ್ಕಲ್ಲಿನಾಗ ಇಳಿಯೂತನಕಾ ದಿನಾ ಇಪ್ಪತ್ತು ಪುಟ. ಸೀಟ್ ಸಿಕ್ರ ಇಪ್ಪತ್ತು, ನಿಂತ್ರ ಹತ್ತು.

ಬಡತನದಾಗ ಒಂದ ಮುಷ್ಟಿ ಆಗಿ ಇದ್ದ ಮನಿ, ಚಿಕ್ಕಪ್ಪನ ಮಸಾಲಿ ಧಂದೆ ಕೈ ಹಿಡದ ಮ್ಯಾಲ ಬ್ಯಾರೇನ ಆಗತೈತಿ. ಹಳೀ ಮನ್ಯಾಗ ಇರುವಿ ಕೊಲ್ಲೂ ಭಾಗ ಐತಲ್ರಿ, ಅದನ್ನ ಓದೂ ಮುಂದ ನನ್ನ ಬಾಜೂಕ ಕುಂತ ಅಜ್ಜಾರು ಬಗ್ಗಿ ಬಗ್ಗಿ ನೋಡಾಕತ್ತಿದ್ರು. ಕಡಿಗೆ ಅವರ ಕೇಳಿದ್ರು, ‘ಏನೋ ತಮ್ಮಾ, ಇರುವಿ ಔಷಧದ ಪುಸ್ತಕನೇನು?’

ಕಡೀಕ ಏನಾತು ಅಂತ ಶಾನಭಾಗರು ಹೇಳಂಗಿಲ್ಲ. ಹೇಳದ ಬಿಟ್ಟಿದ್ದಕ್ಕ ಹೊಟ್ಟ್ಯಾಗ ಕಲ್ಲು ಇಟ್ಟಂಗ ಆಗತೈತಿ. ಇಂಗ್ಲಿಷಿನಾಗ ಓದಿದಾಗ ಅದು ಜಾಣತನ ಅನಿಸಿತ್ತು. ಕನ್ನಡದಾಗ ಓದಿದಾಗ ಅಂಜಿಕಿ ಬಂತು, ಯಾಕಂದ್ರ ಆ ಮನ್ಯಾನ ಮಂದಿ ಮಾತಾಡೂ ರೀತಿ ನನಗ ಗುರುತಿನದು.

---

ದುರ್ಗದಬೈಲ್ ದೋಸ್ತ್ (ಹುಬ್ಬಳ್ಳಿ)

ನಾ ಏನೂ ಮುಗಿಸಿಲ್ರಿ. ‘ಪರ್ವ’ ನಾಕ ಸಲ ಸುರು ಮಾಡೇನಿ. ಪ್ರತಿ ಸಲಾನೂ ಶಲ್ಯರಾಜನ ಮನಿಯಿಂದ ಹೊಂಟು ಹೊಳ್ಳಿ ಮನಿಗೇ ಬರ್ತೇನಿ. ಇಲ್ಲಿ ಕುಂತು ಓದಬಹುದಿಲ್ಲೋ?

---

ಸಾಧನಕೇರಿ ಮಳಿ

ಕೂಡ್ರಿ. ಮಾತಾಡಬ್ಯಾಡ್ರಿ.

---

ಕೆಸಿಡಿ ಹಳೇ ವಿದ್ಯಾರ್ಥಿ (ಧಾರವಾಡ)

ಗಿರೀಶ ಕಾರ್ನಾಡರ ‘ಆಡಾಡತ ಆಯುಷ್ಯ’. 2011ರಲ್ಲಿ ಮನೋಹರ ಗ್ರಂಥಮಾಲೆಯಿಂದ ಬಂದಾಗಲೇ ಕೊಂಡಿದ್ದೆ, ಆಗ ಅಲ್ಲಲ್ಲಿ ಓದಿ ಬಿಟ್ಟಿದ್ದೆ. ಅಲ್ಲಲ್ಲಿ ಎಂದರೆ ಧಾರವಾಡ ಬಂದಲ್ಲಿ! ನಮ್ಮೂರವರೆಲ್ಲ ಅದನ್ನು ಹಾಗೆಯೇ ಓದಿದ್ದಾರೆ ಎಂದು ನನ್ನ ಗುಮಾನಿ. ಯಾವ ಓಣಿ, ಯಾವ ಮನೆ, ಯಾರ ಬಗ್ಗೆ ಏನು ಬರೆದಿದ್ದಾರೆ, ನಮ್ಮ ಪೈಕಿಯವರು ಯಾರಾದರೂ ಇದ್ದಾರೆಯೇ. ಅದು ಓದಲ್ಲ, ಮದುವೆ ಫೋಟೋದಲ್ಲಿ ತನ್ನ ಮುಖ ಹುಡುಕುವುದು.

ಈ ಸಲ ಅರ್ಪಣೆಯ ಪುಟದಿಂದ ಸುರು ಮಾಡಿದೆ. ಪುಣೆಯ ಒಬ್ಬ ವೈದ್ಯೆಗೆ ಪುಸ್ತಕ ಅರ್ಪಿಸಿದ್ದಾರೆ. ಬಸುರಿಯಾಗಿದ್ದ ತಾಯಿ ಈ ಮಗು ಬೇಡ ಎಂದು ಆ ವೈದ್ಯೆಯ ದವಾಖಾನೆಗೆ ಹೋಗಿದ್ದರಂತೆ, ಕಾದರಂತೆ, ಆಕೆ ಆ ದಿನ ಬರಲಿಲ್ಲವಂತೆ. ಆಕೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ‘ತುಘಲಕ್’ ಇಲ್ಲ, ‘ಹಯವದನ’ ಇಲ್ಲ. ಎಂಥ ಗಂಡೆದೆ ಬೇಕು ಹಾಗೆ ಸುರು ಮಾಡುವುದಕ್ಕೆ! ತಾಯಿ ಬಾಲವಿಧವೆಯಾಗಿದ್ದು, ಮುಂದೆ ಮರುಮದುವೆಯಾಗಿದ್ದು, ಎಲ್ಲವನ್ನೂ ದನಿ ಏರಿಸದೆ ಹೇಳುತ್ತಾರೆ.

ಒಂದೇ ಅಸಮಾಧಾನ. ಕತೆ ಎಪ್ಪತ್ತರ ದಶಕದ ನಡುವಿಗೆ ನಿಂತುಬಿಡುತ್ತದೆ. ಮುಂದಿನ ಭಾಗ ಬರಲೇ ಇಲ್ಲ. ಹಾಗಾಗಿ ಪುಸ್ತಕ ನಾನು ಮುಗಿಸಿದ್ದೇನೆ, ಅದು ಮುಗಿದಿಲ್ಲ. ನಿಯಮಕ್ಕೆ ಇದು ಒಪ್ಪುತ್ತದೆಯೇ?

---

ಸಾಧನಕೇರಿ ಮಳಿ

ಒಪ್ತದ. ಲೇಖಕರು ಬಿಟ್ಟದ್ದಕ್ಕ ನೀವು ಜವಾಬ್ದಾರರಲ್ಲ. ಆ ಪುಸ್ತಕ ಓದಿದ ಮ್ಯಾಲ ಸುಭಾಸ ರೋಡಿನ ಗ್ರಂಥಮಾಲೆ ಅಟ್ಟದ ಪಾವಟಿಗಿ ಹತ್ತಿ ಬಂದ್ರ್ಯೋ ಇಲ್ಲೋ? 1933ರೊಳಗ ಜಿ. ಬಿ. ಜೋಶಿಯವರು ಗ್ರಂಥಮಾಲೆ ಸುರು ಮಾಡಿದ್ದು. ಕುರ್ತಕೋಟಿಯವರು, ಕಾರ್ನಾಡರು ಎಲ್ಲಾ ಅಲ್ಲೇ ಕೂತು ಹರಟಿದವರು.

---

ಕೆಸಿಡಿ ಹಳೇ ವಿದ್ಯಾರ್ಥಿ

ಹತ್ತಿದೆ. ‘ಗಂಗವ್ವ ಗಂಗಾಮಾಯಿ’ ತಗೊಂಡು ಇಳಿದೆ. ಅದನ್ನೂ ಮುಗಿಸಿದ್ದೇನೆ, ಆದರೆ ಅದರ ಬಗ್ಗೆ ಬರೆಯುವುದಕ್ಕೆ ಕೂತರೆ ರಾತ್ರಿಯಾಗುತ್ತದೆ. ಮೊಕಾಶಿ ಪುಣೇಕರರು ಅದನ್ನು 1956ರಲ್ಲಿ ಬರೆದಾಗ ಇನ್ನೂ ಮೂವತ್ತು ದಾಟಿರಲಿಲ್ಲ. ಆ ವಯಸ್ಸಿಗೆ ರಾಘಪ್ಪನಂಥ ಮನುಷ್ಯನನ್ನು ಕಂಡಿದ್ದಾದರೂ ಎಲ್ಲಿ? ಒಡಹುಟ್ಟಿದ ಗಂಗವ್ವನ ಬಾಳಿಗೆ ಮುಳ್ಳಾದವನು, ಆದರೂ ಅವನು ಬಂದ ಕೂಡಲೇ ಪುಟ ಜೀವ ತುಂಬಿಕೊಳ್ಳುತ್ತದೆ. ಒಳ್ಳೆಯವರನ್ನು ಬರೆಯುವುದು ಸುಲಭವಲ್ಲ, ಕೆಟ್ಟವರನ್ನು ಹಾಗೆ ಬರೆಯುವುದು ಇನ್ನೂ ಕಷ್ಟ.

---

ವರದಾ ದಂಡಿ (ಹಾವೇರಿ)

ನಮಸ್ಕಾರ್ರಿ ಎಲ್ಲಾರಿಗೂ. 2023ರ ಜನೇವರಿಯೊಳಗ ನಮ್ಮ ಹಾವೇರ್ಯಾಗ ಸಾಹಿತ್ಯ ಸಮ್ಮೇಳನ ಆತಲ್ಲ, ದೊಡ್ಡರಂಗೇಗೌಡರು ಅಧ್ಯಕ್ಷರಾಗಿದ್ದು, ಆವಾಗ ಪುಸ್ತಕದ ಮಳಿಗಿಯೊಳಗ ತುಳದಾಡಿ ತಗೊಂಡಿದ್ದ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಅಂತೂ ಮುಗಿಸಿದೆ. ಇಷ್ಟ ದಿನ ಕಪಾಟಿನಾಗ ಕುಂತಿತ್ತು. ದಪ್ಪ ಪುಸ್ತಕ ಅಂತ ಅಂಜಿದ್ದೆ.

ತೇಜೋ ಅಂದ್ರ ಪೋರ್ಚುಗಲ್ಲಿನ ಲಿಸ್ಬನ್ನಿನ ಹೊಳಿ. ಆ ದಂಡೀ ಮ್ಯಾಲ ಒಂದು ಕತಿ, ಈ ತುಂಗಭದ್ರಾ ದಂಡೀ ಮ್ಯಾಲ ವಿಜಯನಗರದ ಕಾಲದ ಒಂದು ಕತಿ, ನಡಕ ಗೋವಾ. ಅಲ್ಲಿ ಯಹೂದ್ಯರನ್ನ ಧರ್ಮದ ಹೆಸರಿಲೇ ಹಿಂಸಾ ಮಾಡ್ತಾರ, ಇಲ್ಲಿ ಹೆಣಮಕ್ಕಳನ್ನ ಚಿತಿಗೆ ಏರಸ್ತಾರ. ಯಾರೂ ಯಾರಿಗಿಂತ ಕಡಿಮಿ ಇಲ್ಲ.

ನನಗ ಹಿಡದಿದ್ದು ಲೆಂಕರ ಸಂಗತಿ. ಒಡೆಯನ ಸಲುವಾಗಿ ಜೀವಾ ಕೊಡ್ತೇನಿ ಅಂತ ಮಾತು ಕೊಟ್ಟವರು. ಇದನ್ನ ಓದಿ ಮುಗಿಸಿದ ಮರುದಿನ ನಮ್ಮೂರ ಹನಮಪ್ಪನ ಗುಡಿ ಮುಂದಿನ ಕಲ್ಲು ನೋಡಿದೆ. ಸಣ್ಣಾಂವ ಇದ್ದಾಗಿಂದ ಅದರ ಮ್ಯಾಲ ಕುಂತೇನಿ, ಚಪ್ಪಲಿ ಬಿಟ್ಟೇನಿ. ಮೂರು ಪಟ್ಟಿ ಅದಾವ್ರಿ ಅದರಾಗ. ತಳಗ ಕತ್ತಿ ಹಿಡದ ಬಡದಾಡೂ ಮನಶ್ಯಾ. ನಡಕ ಅವನ್ನ ಎತಗೊಂಡು ಹೊಂಟ ಇಬ್ಬರು ಹೆಣಮಕ್ಕಳು. ಮ್ಯಾಲ ಲಿಂಗದ ಮುಂದ ಕೈ ಮುಗದು ಕುಂತಾನ. ಬಾಜೂಕ ಇನ್ನೊಂದು ಸಣ್ಣ ಕಲ್ಲು, ಅದರಾಗ ಬರೇ ಒಂದ ಕೈ, ಮೊಣಕೈಗೆ ಮಡಚಿದ್ದು, ತುಂಬ ಬಳಿ. ಅದು ಮಾಸ್ತಿಕಲ್ಲು. ಆಕಿ ಚಿತಿ ಏರಿದಾಕಿ. ಐವತ್ತು ವರ್ಷ ನಾ ಆಕಿ ಬಾಜೂಕ ಕುಂತು ಶೇಂಗಾ ತಿಂದೇನಿ.

ಕಾದಂಬರಿ ಹೆಂಗೈತಿ ಅಂದ್ರ, ಕೆಲವ ಕಡೆ ಮಾಹಿತಿ ಕತಿಗಿಂತ ಮುಂದ ಓಡತೈತಿ. ಹಡಗದಾಗ ಏನೇನಿತ್ತು ಅಂತ ಪಟ್ಟಿ ಓದಿಧಂಗ. ಖರೆ, ಕಲ್ಲು ನೋಡಾಕ ಹಚ್ಚಿತಲ್ಲ, ನನಗ ಅಷ್ಟ ಸಾಕು.

---

ಉಣಕಲ್ ಕೆರಿ ವಾಕಿಂಗ್ (ಹುಬ್ಬಳ್ಳಿ)

2025ರ ಸೆಪ್ಟೆಂಬರಿನಾಗ ಭೈರಪ್ಪನವರು ಹೋದ ಮ್ಯಾಲ ‘ಭಿತ್ತಿ’ ತಗದೆ. ಹುಬ್ಬಳ್ಳಿ ಕಾಡಸಿದ್ಧೇಶ್ವರ ಕಾಲೇಜಿನಾಗ ಪಾಠಾ ಮಾಡಿದವರು ಅಂತ ಕೇಳಿದ್ದೆ, ಆ ಭಾಗ ಓದೂಣಂತ. ಆದ್ರ ಅದಕ್ಕಿಂತ ಮೊದಲಿನ ಬಾಲ್ಯದ ಪುಟಗಳ ಮುಂದ ಉಳದದ್ದೆಲ್ಲಾ ಸಪ್ಪಿ. ಪ್ಲೇಗಿನ ಸಾವು, ಹಸಿವಿ. ರಾತ್ರಿ ನಿದ್ದಿ ಬರಲಿಲ್ಲ. ಇದಕ್ಕಿಂತ ಹೆಚ್ಚ ಬರಿಯಾಕ ಆಗಂಗಿಲ್ಲ.

---

ನವನಗರದಾಕಿ (ಹುಬ್ಬಳ್ಳಿ)

ನಾ ಹೇಳೂ ಪುಸ್ತಕದ ಹೆಸರು ಹೇಳಂಗಿಲ್ರಿ. ಹೆಸರು ಹೇಳಿದ್ರ ಕತಿ ಹೇಳಾಕ ಬರಂಗಿಲ್ಲ, ಓದೂ ಮಂದಿಗೆ ರಸಭಂಗ. ನನಗ ಕತೀ ಹೇಳಬೇಕಾಗೇತಿ. ಮರಾಠಿಯಿಂದ ಕನ್ನಡಕ್ಕ ಬಂದ ಕಾದಂಬರಿ ಅಂತ ತಿಳೀರಿ.

ಅಣ್ಣ-ತಮ್ಮ, ಪಾಲಿಗೆ ಬಂದ ಹೊಲ, ಇಬ್ಬರ ನಡಕ ಒಂದ ಬಾವಿ. ಮಾತು ಬಿಟ್ಟಾರ, ಆದ್ರ ಒಂದ ಮನ್ಯಾಗ ಊಟ. ಒಂದಿನ ರಾತ್ರಿ ಅಣ್ಣ ಊಟದಿಂದ ನಡಕ ಎದ್ದು, ಕಂದೀಲಿನ ಕಾಜು ಒರಸಿ, ಹಚಕೊಂಡು, ಬಾವಿ ಕಡೆ ಹೊಂಡ್ತಾನ. ಇಲ್ಲೀತನಕಾ ಇದು ಎಲ್ಲಾ ಕಡೆ ಇರೂ ಕತಿ. ಇಲ್ಲಿಂದ ಮುಂದ ಐತಿ ನೋಡ್ರಿ ಮಜಾ. ಅದೇ ರಾತ್ರಿ ಮತ್ತೊಮ್ಮಿ ಬರ್ತೈತಿ! ಅಕ್ಷರಕ್ಕ ಅಕ್ಷರ ಅದೇ. ಅದೇ ರೊಟ್ಟಿ, ಅದೇ ಝುಣಕಾ, ಅದೇ ಕಂದೀಲು, ಅದೇ ಕಾಜು ಒರಸೂದು. ಅಲ್ಲಿಂದ ಒಮ್ಮಿಗಲೇ ವರ್ಷ ಕಳದು ಸುಗ್ಗಿ ಬಂದೈತಿ. ಅಣ್ಣ ಇಲ್ಲ. ಅವನ ಹೆಂಡತಿ ಒಬ್ಬಾಕಿನ ರಾಶಿ ಮಾಡಸ್ತಾಳ, ಕೊರಳಾಗ ತಾಳಿ ಐತಿ, ಬಾವಿ ಕಡೆ ಒಟ್ಟ ನೋಡಂಗಿಲ್ಲ. ಅಂವ ಎಲ್ಲಿ ಅಂತ ಯಾರೂ ಕೇಳಂಗಿಲ್ಲ, ಲೇಖಕರೂ ಹೇಳಂಗಿಲ್ಲ.

ನಾ ಪುಸ್ತಕ ಎದಿ ಮ್ಯಾಲ ಇಟಗೊಂಡು ಎಷ್ಟೋ ಹೊತ್ತು ಕುಂತೆ. ಮನ್ಯಾಗ ಸಾವಾದ್ರ ಹಂಗ ಆಗೂದಿಲ್ಲೇನ್ರಿ? ಆ ಕಡೀ ರಾತ್ರಿನ ಮತ್ತ ಮತ್ತ ನೆನಸತೀವಿ. ಏನ್ ಉಂಡ್ರು, ಎಲ್ಲಿ ಕುಂತಿದ್ರು, ಏನ್ ಅಂದ್ರು. ನಮ್ಮ ಅಪ್ಪ ಹೋದಾಗ ನಮ್ಮ ಅವ್ವ ಆರ ತಿಂಗಳ ಹಂಗ ಮಾಡಿದ್ಲು. ವಾಕ್ಯಾನೂ ಅರ್ಧಕ್ಕ ಮುರದಾರ. ‘ಕಂದೀಲು ಹಿಡಿದುಕೊಂಡು ಅವನು’ ಅಂತ ನಿಂತುಬಿಡತೈತಿ, ಪೂರ್ಣವಿರಾಮನೂ ಇಲ್ಲ, ಹೊಳ್ಳಿ ತಾಟು ಇಡೂದರಿಂದ ಸುರು. ಎಂಥ ಧೈರ್ಯ! ಇಷ್ಟು ವರ್ಷದಾಗ ಹಿಂಗ ಬರದಿದ್ದು ಓದಿರಲಿಲ್ಲ.

---

ಚಿಗರಿ ಪ್ರಯಾಣಿಕ

ಅಕ್ಕಾರ, ಮೈ ಜುಂ ಅಂತು. ಹೇಳದ ಬಿಡೂದು ಅಂದ್ರ ಇದು. ಹೆಸರು ಖಾಸಗಿಯಾಗಿ ಕಳಸ್ರಿ, ನಾಳೆ ಬಸ್ಸಿನಾಗ ಸುರು ಮಾಡ್ತೇನಿ.

---

ಕೆಸಿಡಿ ಹಳೇ ವಿದ್ಯಾರ್ಥಿ

ಪುನರಾವರ್ತನೆಯನ್ನು ತಂತ್ರವಾಗಿ ಬಳಸುವುದು ಜನಪದ ಕತೆಗಳಲ್ಲಿ ಹಳೆಯದು. ಆದರೆ ಒಂದು ಪದವನ್ನೂ ಬದಲಿಸದೆ ಇಡೀ ಅಧ್ಯಾಯವನ್ನು ಮತ್ತೆ ಇಡುವುದು ಸಾಮಾನ್ಯದ ಮಾತಲ್ಲ. ಶೋಕಕ್ಕೆ ಹೊಸ ಮಾತು ಹುಟ್ಟುವುದಿಲ್ಲ ಎನ್ನುವುದನ್ನು ಬೇರೆ ಹೇಗೆ ಹೇಳಲು ಸಾಧ್ಯ? ನವ್ಯರು ಇದನ್ನು ಓದಬೇಕಿತ್ತು.

---

ಬೆಟಗೇರಿ ಮೊಳಿ (ಗದಗ)

ತಂಗೀ, ನಡಕ ಬಾಯಿ ಹಾಕ್ತೇನಿ, ಸಿಟ್ಟಾಗಬ್ಯಾಡವಾ. ಆ ಪುಸ್ತಕ ಕೈಯಾಗ ಐತೇನು? ಐತಿ ಅಂದ್ರ ಆ ರಾತ್ರಿ ಎರಡನೇ ಸಲ ಸುರು ಆಗೂ ಪುಟದ ಸಂಖ್ಯಾ ಎಷ್ಟೈತಿ ನೋಡಿ ಹೇಳು. ಸುಗ್ಗಿ ಸುರು ಆಗೂ ಪುಟದ್ದೂ ಹೇಳು. ಮತ್ತ ಆ ಪುಟದ ತಳಗ ಎಡಕ ಮೂಲ್ಯಾಗ ಸಣ್ಣ ಅಂಕಿ ಏನರ ಐತೇನ ನೋಡು.

---

ನವನಗರದಾಕಿ

81 ಐತ್ರಿ ಅಣ್ಣಾರ.

ತಡೀರಿ.

81ರಿಂದ 96. ಆಮ್ಯಾಲ ಮತ್ತ 81ರಿಂದ 96. ಸುಗ್ಗಿ 113ಕ್ಕ ಸುರು ಆಗೇತಿ. ತಳಗ ಮೂಲ್ಯಾಗ ಎರಡೂ 81ನೇ ಪುಟಕ್ಕ 6 ಅಂತ ಐತಿ, 113ಕ್ಕ 8 ಅಂತ ಐತಿ.

ಅಯ್ಯ ಶಿವನ.

---

ದುರ್ಗದಬೈಲ್ ದೋಸ್ತ್

🤣🤣🤣 ಮಾತಾಡಬ್ಯಾಡ ಅಂದಿದ್ರಿ, ನಗಬಹುದಲ್ರಿ?

---

ಬೆಟಗೇರಿ ಮೊಳಿ

ನಗಬ್ಯಾಡ್ರಪಾ. ವಾಕ್ಯ ಅರ್ಧಕ್ಕ ಮುರದೈತಿ ಅಂದಾಗನ ನನಗ ವಾಸನಿ ಬಂದಿತ್ತು.

ಹೆಂಗಂತ ಹೇಳ್ತೇನಿ. ಒಂದು ದೊಡ್ಡ ಹಾಳಿಗೆ ಆ ಕಡೆ ಎಂಟು, ಈ ಕಡೆ ಎಂಟು ಪುಟ ಅಚ್ಚು ಹಾಕಿ ಮಡಚಿದ್ರ ಹದಿನಾರು ಪುಟದ ಒಂದ ಫಾರಂ. ಮೊದಲನೇದು 1ರಿಂದ 16, ಎರಡನೇದು 17ರಿಂದ 32, ಹಿಂಗ. ಆರನೇದು 81ರಿಂದ 96, ಏಳನೇದು 97ರಿಂದ 112. ಮಡಚಿದ ಫಾರಂ ಸಾಲಾಗಿ ಒಟ್ಟತಾರ. ಜೋಡಸೂ ಮಂದಿ ಒಂದೊಂದ ಒಟ್ಟಿಲಿನಿಂದ ಒಂದೊಂದ ಎತಗೋತ ಹೋಗಬೇಕು. ಕೈ ತಪ್ಪಿ ಆರನೇದು ಎರಡ ಸಲ ಬಂತು, ಏಳನೇದು ಬಿಟ್ಟ ಹೋತು. ಮೂಲ್ಯಾಗಿನ ಅಂಕಿ ಅದಕ್ಕ ಇರೂದು, ತಪ್ಪು ಹಿಡಿಯಾಕ. ಹೊಲಿಗಿ ಹಾಕೂ ಮೊದಲ ಒಬ್ಬರು ಅಂಕಿ ತಾಳೆ ಹಾಕಿ ನೋಡಬೇಕು. ಸಂಜಿ ಆದ್ರ ಯಾರ ನೋಡ್ತಾರ? ಯಾರ ಪ್ರಕಾಶನ, ಯಾವ ಪ್ರೆಸ್ಸು ಅಂತ ಇಲ್ಲಿ ಹೇಳೂದ ಬ್ಯಾಡವಾ. ನಮ್ಮ ಕೈಲೆನೂ ಇಂಥಾವು ಆಗ್ಯಾವು.

ನಾ ನಲವತ್ತು ವರ್ಷ ಪ್ರೆಸ್ಸಿನಾಗ ದುಡದಾಂವ. ಗದಗ-ಬೆಟಗೇರಿಗೆ ಮುದ್ರಣಕಾಶಿ ಅಂತಾರಲ್ಲ, ಆ ಕಾಶ್ಯಾಗ ಹುಬ್ಬೀತನಕಾ ಮಸಿ ಬಡಕೊಂಡಾಂವ. ಮೊದಲ ಮೊಳಿ, ಅಂದ್ರ ಸೀಸದ ಅಚ್ಚಿನ ಅಕ್ಷರ, ಜೋಡಸತಿದ್ವಿ. ಕನ್ನಡದ ಕೇಸು, ಮೊಳಿ ಇಡೂ ಪೆಟ್ಟಿಗಿ, ಅಂದ್ರ ಇಂಗ್ಲಿಷಿನ ಕೇಸಿನಂಗ ಅಲ್ಲ, ಗುಣಿತಕ್ಕ ಬ್ಯಾರೆ ಮೊಳಿ, ಒತ್ತಿಗೆ ಬ್ಯಾರೆ ಮೊಳಿ, ಎಡಕ ಬಲಕ ಎರಡೂ ಕೈ ಚಾಚಿದ್ರೂ ಸಾಲೂದಿಲ್ಲ. ಮೊಳಿ ಜೋಡಸೂ ಸ್ಟಿಕ್ಕಿನಾಗ ಅಕ್ಷರ ತಲಿಕೆಳಗ ಇರ್ತಿದ್ದು. ನನಗ ಈಗೂ ಎದರಿಗೆ ಕುಂತಾರ ಕೈಯಾಗಿನ ಪೇಪರು ಅವರಿಗಿಂತ ಮೊದಲ ನಾನ ಓದಿ ಮುಗಸ್ತೇನಿ. ಖರೆ ಹೇಳಬೇಕಂದ್ರ ಆವಾಗ ಎಷ್ಟೋ ಪುಸ್ತಕ ಜೋಡಸೇನಿ, ಒಂದೂ ಓದಿಲ್ಲ. ಅಕ್ಷರ ಕಾಣತಿತ್ತು, ಕತಿ ಕಾಣತಿರಲಿಲ್ಲ.

ನಾ ಈಗ ಮುಗಿಸಿದ್ದು ಕುಮಾರವ್ಯಾಸನ ಗದುಗಿನ ಭಾರತ. ಮೂರು ವರ್ಷ ಹಿಡೀತು. ನಮ್ಮ ಓಣ್ಯಾಗ ನಾಕ ಮಂದಿ ಮುದುಕರು ಕೂಡಿ, ಅದರಾಗ ಒಬ್ಬರು ರಿಟೈರ್ ಮಾಸ್ತರು ಹಾಡ್ತಾರ, ನಾವು ಪುಸ್ತಕ ಹಿಡಕೊಂಡ ಕುಂಡರತೇವಿ. ಹತ್ತು ಪರ್ವ, ಗದಾಪರ್ವಕ್ಕ ಮುಗೀತೈತಿ. ಭಾಮಿನಿ ಷಟ್ಪದಿಯೊಳಗ ಮೂರನೇ ಸಾಲು, ಆರನೇ ಸಾಲು ಉದ್ದ ಇರ್ತಾವಲ್ಲ, ಅಲ್ಲಿ ಮಾಸ್ತರ ದಮ್ಮು ಹತ್ತಿ ನಿಂದ್ರತಿದ್ರು. ಆ ನಿಂತ ಜಾಗಾದಾಗ ಅರ್ಥ ತಿಳಿಯೂದು. ಕರ್ಣಪರ್ವ ಬಂದಾಗ ಅವರ ಅತ್ತುಬಿಟ್ರು, ಎರಡ ದಿನ ಓದು ಬಂದ.

ನಾರಣಪ್ಪ, ಅಂದ್ರ ಕುಮಾರವ್ಯಾಸ, ಬಳಪಾ ಹಲಗಿ ಹಿಡೀಲಿಲ್ಲ, ಬರದ ಪದಾ ಅಳಸಲಿಲ್ಲ ಅಂತ ತಾನ ಹೇಳಿಕೊಂಡಾನ. ಕೋಳಿವಾಡದಿಂದ ಬಂದು ವೀರನಾರಾಯಣನ ಗುಡಿ ಕಂಬಕ್ಕ ಒರಗಿ, ಒದ್ದಿ ಬಟ್ಟಿ ಆರೂತನಕಾ ಬರೀತಿದ್ದ ಅಂತ ನಮ್ಮಲ್ಲಿ ಹೇಳೂ ಮಾತು. ಪ್ರೂಫ್ ತಿದ್ದಿ ತಿದ್ದಿ ಕಣ್ಣು ಕಳಕೊಂಡ ನಮ್ಮಂಥಾರಿಗೆ ಅದನ್ನ ಕೇಳಿ ಹೊಟ್ಟಿಕಿಚ್ಚು.

---

ನವನಗರದಾಕಿ

ಅಣ್ಣಾರ, ನಿಮ್ಮ ಮ್ಯಾಲ ಸಿಟ್ಟಿಲ್ಲ. ನನ್ನ ಮ್ಯಾಲ ನನಗ ನಗಿ ಬರಾಕತ್ತೈತಿ. ನಮ್ಮ ಮನಿಯವರಿಗೆ ಇದರ ಬಗ್ಗೆ ಅರ್ಧಾ ತಾಸು ಭಾಷಣ ಮಾಡಿದ್ದೆ. ಈಗ ಹೇಳಿದ್ರ ಈ ವರ್ಷ ಪೂರ್ತಿ ಕಾಡಸ್ತಾರ.

ಈಗ ಒಂದ ಪ್ರಶ್ನೆ. ನಾ ಇದನ್ನ ಮುಗಿಸೇನೋ ಇಲ್ಲೋ?

---

ಸಾಧನಕೇರಿ ಮಳಿ

ನಿಯಮದ ಪ್ರಕಾರ ಇಲ್ಲ. ಹದಿನಾರು ಪುಟ ಬಾಕಿ ಅವ. ಆದ್ರ ಹದಿನಾರು ಪುಟ ಹೆಚ್ಚಿಗೇನೂ ಓದೀರಿ. ಲೆಕ್ಕ ಸರಿ ಆಗ್ತದೇನು, ವಿಚಾರ ಮಾಡ್ತೀನಿ.

---

ಕೆಸಿಡಿ ಹಳೇ ವಿದ್ಯಾರ್ಥಿ

ನನ್ನ ಮೇಲಿನ ಟಿಪ್ಪಣಿಯನ್ನು ದಯವಿಟ್ಟು ಯಾರೂ ಎತ್ತಬೇಡಿ.

---

ದುರ್ಗದಬೈಲ್ ದೋಸ್ತ್

‘ನವ್ಯರು ಇದನ್ನು ಓದಬೇಕಿತ್ತು.’

---

ಮುಂಡರಗಿ ಮಾಸ್ತರ (ಗದಗ ಜಿಲ್ಲೆ)

ನಗುವಿನ ನಡುವೆ ನನ್ನದೊಂದು. ಬಾನು ಮುಷ್ತಾಕರ ಕತೆಗಳು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಇಬ್ಬರು ಇಂಗ್ಲಿಷ್ ಪುಸ್ತಕ ತರಿಸಿದರು, ನಾನು ಕನ್ನಡದಲ್ಲಿ ಹುಡುಕಿ ಓದಿದೆ. ದೀಪಾ ಭಾಸ್ತಿಯವರು ಅನುವಾದಕ್ಕೆ ಆರಿಸಿದ್ದು ಹನ್ನೆರಡು ಕತೆ. ನಮ್ಮ ಮಾತುಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸದೆ, ಅಡಿಟಿಪ್ಪಣಿಯನ್ನೂ ಹಾಕದೆ ಇಂಗ್ಲಿಷಿನೊಳಗೆ ಹಾಗೆಯೇ ಇಟ್ಟಿದ್ದಾರೆ. ಇಂಗ್ಲಿಷ್ ಓದಿದವರು ಅದನ್ನೇ ದೊಡ್ಡದಾಗಿ ಹೇಳುತ್ತಿದ್ದರು. ನನಗೆ ಕನ್ನಡದಲ್ಲಿ ಕಂಡದ್ದು ಬೇರೆ. ‘ಎದೆಯ ಹಣತೆ’ಯಲ್ಲಿ ಗಂಡ ಬಿಟ್ಟ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ದೊಡ್ಡ ಮಗಳು ಬಂದು ತಡೆಯುತ್ತಾಳಲ್ಲ, ಆ ವಯಸ್ಸಿನ ಹುಡುಗಿಯರು ದಿನಾ ನನ್ನ ಮುಂದೆ ಬೆಂಚಿನ ಮೇಲೆ ಕೂತಿರುತ್ತಾರೆ. ಮನೆಯಲ್ಲಿ ಏನೇನು ತಡೆದು ಬಂದಿರುತ್ತಾರೋ, ನಾನು ಹೋಂವರ್ಕ್ ಯಾಕೆ ಮಾಡಿಲ್ಲ ಎಂದು ಕೇಳುತ್ತೇನೆ.

ಎಲ್ಲ ಕತೆಗಳೂ ಒಂದೇ ಮಟ್ಟದವಲ್ಲ. ಕೆಲವು ಕಡೆ ಲೇಖಕಿಯೊಳಗಿನ ವಕೀಲರು ಎದ್ದು ನಿಂತು ವಾದ ಮಾಡಿದಂತೆ ಆಗುತ್ತದೆ.

---

ವರದಾ ದಂಡಿ

ನವನಗರದ ಅಕ್ಕಾರ, ಆ ಕತಿ ನನಗ ಗುರ್ತ ಹತ್ತಿತು. ಇಬ್ಬರು ಅಣ್ಣ-ತಮ್ಮ, ಬಾವಿ, ಅಣ್ಣನ ಹೆಂಡತಿಗೆ ಎಡಗೈ ಬೆರಳು ಒಂದಿಲ್ಲ, ಹೌದಲ್ಲ? ನಮ್ಮ ಕಡೆ ಗ್ರಂಥಾಲಯದಾಗ ಒಂದ ಪ್ರತಿ ಐತಿ, ಎರಡ ವರ್ಷದ ಹಿಂದ ಓದಿದ್ದೆ. ನನ್ನ ನೆನಪಿನಾಗ ಆ ರಾತ್ರಿ ಒಂದ ಸಲ ಬರ್ತೈತಿ. ಬೇಕಂದ್ರ ನಾಳೆ ಹೋಗಿ 97ರಿಂದ 112 ಫೋಟೋ ತಗದು ನಿಮಗಷ್ಟ ಕಳಸ್ತೇನಿ. ನೀವು ರೊಕ್ಕಾ ಕೊಟ್ಟ ಕೊಂಡ ಪುಟ, ನಿಮಗ ಸೇರಬೇಕಾದ್ವು.

ಹಿಂದಿನ ಕಾದಂಬರಿಕಾರ ಗಳಗನಾಥರು ಪುಸ್ತಕ ತಲೀ ಮ್ಯಾಲ ಹೊತಗೊಂಡು ಊರೂರು ತಿರಗಿ ಮಾರತಿದ್ರು ಅಂತಾರ. ಅವರ ಊರು ಇರೂ ಜಿಲ್ಲಾದಾಗ ಹುಟ್ಟಿ ಹದಿನಾರು ಪುಟ ಮುಟ್ಟಿಸಾಕ ಆಗಂಗಿಲ್ಲೇನು?

---

ಚಿಗರಿ ಪ್ರಯಾಣಿಕ

ತರಿಸಿಕೊಳ್ಳಬ್ಯಾಡ್ರಿ ಅಕ್ಕಾರ! ನೀವು ಓದಿದ ಪುಸ್ತಕ ನಿಮ್ಮ ಹಂತ್ಯಾಕ ಮಾತ್ರ ಐತಿ. ಅದನ್ನ ಕೆಡಿಸಿಕೊಳ್ಳಬ್ಯಾಡ್ರಿ.

---

ಕೆಸಿಡಿ ಹಳೇ ವಿದ್ಯಾರ್ಥಿ

ಲೇಖಕ ಬರೆದದ್ದನ್ನು ಓದದೆ ಬೈಂಡರ್ ಬರೆದದ್ದನ್ನು ಓದಿದೆ ಎನ್ನುವುದಕ್ಕಾಗುತ್ತದೆಯೇ? ಓದಲೇಬೇಕು. ಅನುವಾದಕರಿಗೂ ಅನ್ಯಾಯವಾಗಬಾರದು.

---

ಬೆಟಗೇರಿ ಮೊಳಿ

ಓದವಾ. ಒಬ್ಬಾಂವ ಕುಂತು ಜೋಡಿಸಿರ್ತಾನ ಆ ಹದಿನಾರು ಪುಟಾನೂ. ಚಿಗರಿಯಾಗಿನ ತಮ್ಮಾ, ನಿನ್ನ ಇರುವಿ ಪುಸ್ತಕದ ಕಡೀ ಫಾರಂ ಬಿಟ್ಟ ಹೋಗೇತೇನು, ಅದನ್ನೂ ಒಮ್ಮಿ ನೋಡಕೋ.

---

ಚಿಗರಿ ಪ್ರಯಾಣಿಕ

ನೋಡಿದೆ ಕಾಕಾ. ಪೂರ್ತಿ ಐತಿ. ಎರಡೂ ಭಾಷಾದಾಗ ಅಲ್ಲೇ ನಿಲ್ಲತೈತಿ.

---

ನವನಗರದಾಕಿ

ಹಾವೇರಿ ಅಣ್ಣಾರು ಫೋಟೋ ಕಳಿಸಿದ್ರು. ಮೂರ ದಿನ ತಗೀಲಿಲ್ಲ. ನಿನ್ನೆ ರಾತ್ರಿ ಪಾತ್ರಿ ತೊಳದು, ಅಡಗಿ ಮನಿ ಲೈಟ್ ಆರಸಿ, ಫೋನಿನಾಗ ದೊಡ್ಡದು ಮಾಡಕೊಂಡು ಓದಿದೆ.

ಅಂವ ಸತ್ತಿಲ್ರಿ. ಬಾವಿ ಕಟ್ಟೀ ಮ್ಯಾಲ ಬೆಳತನಕಾ ಕುಂಡರತಾನ. ತಮ್ಮ ಬಂದು ಬಾಜೂಕ ಕುಂಡರತಾನ, ಇಬ್ಬರೂ ಒಂದ ಮಾತು ಆಡಂಗಿಲ್ಲ. ಬೆಳಿಗ್ಗೆ ಅಣ್ಣ ಮನಿಗೆ ಹೋಗದ ಹಂಗ ಎಸ್ಟಿ ಬಸ್ಸು ಹತ್ತಿ ಇಚಲಕರಂಜಿಗೆ ಹೋಗಿ ಮಗ್ಗದ ಕೆಲಸಕ್ಕ ಸೇರತಾನ. ತಿಂಗಳಾ ತಿಂಗಳಾ ಮನಿಯಾರ್ಡರ್. ಮನಿಯಾರ್ಡರಿನ ತಳಗ ಎರಡ ಸಾಲು ಬರಿಯಾಕ ಜಾಗಾ ಇರ್ತಿತ್ತಲ್ಲ, ಅಲ್ಲಿ ಹೆಂಡತಿಗೆ ಏನೂ ಬರಿಯಂಗಿಲ್ಲ. ಬಾವ್ಯಾಗ ನೀರು ಎಷ್ಟೈತಿ ಅಂತ ಕೇಳತಾನ. ಪ್ರತಿ ತಿಂಗಳಾ ಅದ ಒಂದ ಪ್ರಶ್ನೆ. ಸುಗ್ಗಿಯೊಳಗ ಆಕಿ ಬಾವಿ ಕಡೆ ನೋಡಂಗಿಲ್ಲ ಅಂದಿದ್ನೆಲ್ಲ, ಅದಕ್ಕ.

ನನ್ನ ಪುಸ್ತಕದಾಗ ಆಕಿ ಅಂಜಿ ನೋಡತಿರಲಿಲ್ಲ. ಇಲ್ಲಿ ಸಿಟ್ಟಿಲೇ ನೋಡಂಗಿಲ್ಲ. ವಾಕ್ಯ ಎಲ್ಲಾ ಅವ, ಹೆಂಗಸು ಬ್ಯಾರೆ.

ಅಂವ ಜೀವಂತ ಅದಾನ ಅಂತ ನನಗ ಖುಷಿ ಆಗಬೇಕಿತ್ತು. ಆಗಲಿಲ್ಲ. ಆ ಎರಡನೇ ಸಲದ ರೊಟ್ಟಿ, ಝುಣಕಾ, ಕಂದೀಲು ನನಗ ಬಿಡಾಕ ಆಗವಲ್ದು. ಆದ್ರ ಆ ಮನಿಯಾರ್ಡರಿನ ಎರಡ ಸಾಲು ನನ್ನ ಪುಸ್ತಕದಾಗ ಇದ್ದಿಲ್ಲ ಅಂತ ಹೊಟ್ಟಿ ಉರೀತೈತಿ. ಫೋಟೋ ಪ್ರಿಂಟ್ ತಗಸ್ರಿ, ನಡಕ ಹಚ್ಚರಿ ಅಂತ ನಮ್ಮ ಮನಿಯವರು ಅಂದ್ರು. ಹಚ್ಚಿಲ್ಲ. ಬ್ಯಾರೆ ಲಕೋಟಿ ಮಾಡಿ ಪುಸ್ತಕದ ಬಾಜೂಕ ಇಟ್ಟೇನಿ.

---

ಸಾಧನಕೇರಿ ಮಳಿ

ಮುಗಿಸಿದ್ರಿ. ಬರಕೊಂಡೆ.

---

ಬೆಟಗೇರಿ ಮೊಳಿ

ಎಸ್ಟಿ ಬಸ್ಸು ಅಂತ ಹಂಗ ಇಟ್ಟಾರೇನು ಅನುವಾದದಾಗ? ಛಲೋ ಆತು. ನಮ್ಮ ಕಾಲದಾಗ ಆಗಿದ್ರ ‘ರಾಜ್ಯ ಸಾರಿಗೆ ವಾಹನ’ ಅಂತ ಜೋಡಸಬೇಕಾಗತಿತ್ತು, ಒತ್ತಕ್ಷರ ಹುಡುಕೋತ.

---

ದುರ್ಗದಬೈಲ್ ದೋಸ್ತ್

ಇದನ್ನೆಲ್ಲಾ ಓದಿ ಎದ್ದು ಹೋಗಿ ನನ್ನ ‘ಪರ್ವ’ದ ಪುಟಾ ಒಂದೊಂದ ಎಣಿಸಿದೆ. ಒಂದರ ಫಾರಂ ಹೋಗಿರಬೇಕು, ಅದಕ್ಕ ಮುಂದ ಸಾಗವಲ್ದು ಅಂತ ಆಸೆ ಇತ್ತು. ಎಲ್ಲಾ ಅದಾವ್ರಿ. ಒಂದೂ ತಪ್ಪಿಲ್ಲ. ಶಲ್ಯರಾಜನ ಮನಿಯಿಂದ ಐದನೇ ಸಲ ಹೊಂಟೇನಿ.